ರಾಡ್ ಮುರಿದರೆ ಗ್ಲೇಜ್ ಕಡೆಗೂ ನೋಡಿ

ನಾನು ಪಿಂಗಾಣಿ ಇನ್ಸುಲೇಟರ್ ಮಾಡುವ ಕಾರ್ಖಾನೆಯ ಟೆಸ್ಟಿಂಗ್ ಲ್ಯಾಬಿನಲ್ಲಿದ್ದೇನೆ. ಕರೆಂಟ್ ಕಂಬದ ಮೇಲೆ ಕಂದು ಬಣ್ಣದಲ್ಲಿ ಹೊಳೆಯುತ್ತಿರುತ್ತವಲ್ಲ, ಅವೇ. ಆ ಹೊಳಪಿನ ಗ್ಲೇಜ್ ಇರುವುದು ನೀರು, ಧೂಳು ನಿಲ್ಲದಿರಲಿ ಅಂತ ಮಾತ್ರ ಎಂದು ಕಾರ್ಖಾನೆಯೊಳಗೂ ಅಂದುಕೊಂಡವರಿದ್ದಾರೆ.

ಒಮ್ಮೆ ಬಾಗಿಸಿ ಮುರಿಯುವ ಟೆಸ್ಟಿನಲ್ಲಿ, ಇನ್ಸುಲೇಟರಿನ ಮಣ್ಣಿನಿಂದಲೇ ಮಾಡಿ ಗ್ಲೇಜ್ ಹಾಕಿ ಸುಟ್ಟ ರಾಡ್‌ಗಳು ಮಾಮೂಲಿಗಿಂತ ಕಡಿಮೆ ಲೋಡಿಗೇ ಮುರಿಯತೊಡಗಿದವು. ನೋಡಲು ಚೆನ್ನಾಗಿಯೇ ಇದ್ದವು. ಬಿರುಕಿಲ್ಲ, ಗುಳ್ಳೆಯಿಲ್ಲ. ಮಣ್ಣೇ ಸರಿಯಿಲ್ಲ, ಸಪ್ಲೈಯರ್ ಬದಲಾಯಿಸಿ ಎಂದು ಮೀಟಿಂಗಿನಲ್ಲಿ ಗಲಾಟೆ. ಸ್ಟೋರಿನವರ ಪಾಡು ಕೇಳಬೇಡಿ.

ನಮ್ಮ ಲ್ಯಾಬಿನ ಹಿರಿಯರೊಬ್ಬರು ಮಾತ್ರ ಸುಮ್ಮನಿದ್ದರು. ಅದೇ ಮಣ್ಣಿನ, ಗ್ಲೇಜ್ ಹಾಕದ ರಾಡ್‌ಗಳನ್ನೂ ಸುಡಿಸಿ, ಎರಡು ಬಗೆಯವನ್ನೂ ಪಕ್ಕಪಕ್ಕದಲ್ಲೇ ಮುರಿಸಿದರು. ಗ್ಲೇಜ್ ಇಲ್ಲದವು ಹಿಂದಿನಷ್ಟೇ ಗಟ್ಟಿ. ಗ್ಲೇಜ್ ಇದ್ದವು ಅವಕ್ಕಿಂತ ಗಟ್ಟಿಯಾಗಿರಬೇಕಿತ್ತು. ಇರಲಿಲ್ಲ. ಅಲ್ಲಿಗೆ ಮಣ್ಣು ಬಚಾವಾಯಿತು.

ಪಿಂಗಾಣಿಯನ್ನು ಜೋರಾಗಿ ಅದುಮಿದರೂ ತಡೆಯುತ್ತದೆ, ಎಳೆದರೆ ಬೇಗ ಸೋಲುತ್ತದೆ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಗೀರುಗಳು ಇದ್ದೇ ಇರುತ್ತವೆ. ರಾಡನ್ನು ಬಾಗಿಸಿದಾಗ ಒಂದು ಬದಿಗೆ ಎಳೆತ ಬೀಳುತ್ತದೆ, ಅಲ್ಲಿನ ಗೀರು ಬಾಯಿ ಬಿಡುತ್ತದೆ. ಗ್ಲೇಜ್ ಇದಕ್ಕೆ ಅಡ್ಡ ನಿಲ್ಲುವುದು ಹೀಗೆ. ಗೂಡಿನಲ್ಲಿ 1200 ಡಿಗ್ರಿ ದಾಟಿದ ಶಾಖಕ್ಕೆ ಅದು ಕರಗಿ ಒಳಗಿನ ಪಿಂಗಾಣಿಗೆ (ಅದನ್ನು ನಾವು ಬಾಡಿ ಅನ್ನುತ್ತೇವೆ) ಅಂಟಿರುತ್ತದೆ. ತಣಿಯುತ್ತಾ ಒಂದು ಹಂತದಲ್ಲಿ ಗಟ್ಟಿಯಾಗುತ್ತದೆ. ಅಲ್ಲಿಂದಾಚೆ ಎರಡೂ ಒಟ್ಟಿಗೇ ಕುಗ್ಗಬೇಕು. ಗ್ಲೇಜಿಗೆ ಬಾಡಿಗಿಂತ ಸ್ವಲ್ಪ ಕಡಿಮೆ ಕುಗ್ಗುವ ಗುಣವಿದ್ದರೆ, ಬಾಡಿ ಅದನ್ನು ಅದುಮಿ ಹಿಡಿಯುತ್ತದೆ. ತಣ್ಣಗಾದ ಮೇಲೂ ಆ ಒತ್ತಡ ಮೇಲ್ಪದರದಲ್ಲೇ ಉಳಿದುಬಿಡುತ್ತದೆ. ಇದನ್ನೇ ರೆಸಿಡ್ಯುಯಲ್ ಸ್ಟ್ರೆಸ್ ಅನ್ನುತ್ತೇವೆ. ಹೊರಗಿನ ಎಳೆತ ಮೊದಲು ಈ ಒತ್ತಡವನ್ನು ಮೀರಬೇಕು, ಆಮೇಲೆ ತಾನೇ ಗೀರಿನ ಸರದಿ? ಕಾರಿನ ಪಕ್ಕದ ಕಿಟಕಿಯ ಟಫನ್ಡ್ ಗಾಜಿನಲ್ಲೂ ಇದೇ ಲೆಕ್ಕ. ಅಲ್ಲಿ ಬಿಸಿ ಗಾಜಿಗೆ ಗಾಳಿ ಊದಿ ಈ ಒತ್ತಡ ತರಿಸುತ್ತಾರೆ.

ನಮ್ಮಲ್ಲಿ ಆಗಿದ್ದು ಇಷ್ಟೆ. ಗ್ಲೇಜ್ ಇನ್ನೂ ಕಡಿಮೆ ಶಾಖಕ್ಕೇ ಕರಗಲಿ ಎಂದು ಅದರಲ್ಲಿ ಸೋಡಾ (ಸೋಡಿಯಂ ಆಕ್ಸೈಡ್) ಅಂಶ ಹೆಚ್ಚಿಸಿದ್ದರು. ಸೋಡಾ ಜಾಸ್ತಿಯಾದರೆ ಕರಗುವುದು ಸಲೀಸು, ಆದರೆ ತಣಿಯುವಾಗ ಕುಗ್ಗುವುದೂ ಜಾಸ್ತಿ. ಬಾಡಿಗಿಂತ ತೀರಾ ಜಾಸ್ತಿ ಕುಗ್ಗಿದ್ದರೆ ಕ್ರೇಜಿಂಗ್ ಬಂದು, ಮೈತುಂಬ ಸಣ್ಣ ಬಿರುಕು ಎಲ್ಲರಿಗೂ ಕಾಣುತ್ತಿತ್ತು. ಹೆಚ್ಚುಕಡಿಮೆ ಬಾಡಿಯಷ್ಟೇ ಕುಗ್ಗಿದ್ದರಿಂದ ಕಣ್ಣಿಗೆ ಏನೂ ಬೀಳಲಿಲ್ಲ, ಬಲ ಮಾತ್ರ ಹೋಗಿತ್ತು. ನನ್ನ ಪ್ರಕಾರ ಕ್ರೇಜಿಂಗಿಗಿಂತ ಇದೇ ಅಪಾಯ.

ಬಾಡಿಯೊಳಗೂ ಇಂಥ ಜಗ್ಗಾಟ ಇರುತ್ತದೆ. ಕರಗದೆ ಉಳಿದ ಕ್ವಾರ್ಟ್ಜ್ (ಬೆಣಚುಕಲ್ಲು) ಕಣಗಳು ತಣಿಯುವಾಗ 573 ಡಿಗ್ರಿಯ ಹತ್ತಿರ ಥಟ್ಟನೆ ಕುಗ್ಗಿ, ಸುತ್ತ ಸೂಕ್ಷ್ಮ ಬಿರುಕು ಬಿಡುತ್ತವೆ. ಬಲ ಜಾಸ್ತಿ ಬೇಕಾದ ಇನ್ಸುಲೇಟರ್‌ಗಳಲ್ಲಿ ಕ್ವಾರ್ಟ್ಜ್ ಬದಲು ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಹಾಕುವುದಕ್ಕೆ ಇದೂ ಒಂದು ಕಾರಣ. ಅದರ ಕಥೆ ಇನ್ನೊಮ್ಮೆ.

ಈಗ ಗ್ಲೇಜಿನ ರೆಸಿಪಿ ಮುಟ್ಟಿದಾಗಲೆಲ್ಲ ಒಂದು ತೆಳು ಪಟ್ಟಿಯ ಒಂದೇ ಬದಿಗೆ ಗ್ಲೇಜ್ ಬಳಿದು ಸುಡುತ್ತೇವೆ. ಗ್ಲೇಜ್ ಬದಿ ಸ್ವಲ್ಪ ಉಬ್ಬಿ ಬಾಗಿದ್ದರೆ ಒತ್ತಡ ಉಳಿದಿದೆ ಎಂದರ್ಥ. ತೀರಾ ಉಬ್ಬಿದರೂ ಕಷ್ಟ, ಆಮೇಲೆ ಅಂಚುಗಳಲ್ಲಿ ಗ್ಲೇಜ್ ಚಕ್ಕೆಯೇಳುತ್ತದೆ. ಪಟ್ಟಿ ನೆಟ್ಟಗೆ ಹೊರಬಂದರೆ ಹೊಸದಾಗಿ ಸೇರಿದ ಹುಡುಗರು ಖುಷಿಪಡುತ್ತಾರೆ. ನಾವು ಆ ರೆಸಿಪಿಯನ್ನು ವಾಪಸ್ ಕಳಿಸುತ್ತೇವೆ.