ಆ ಲಕೋಟೆ ಬಿಸಾಡಬೇಡಿ

ಮೊನ್ನೆ ಸಂಜೆ ಹಾವೇರಿ ಕಡೆಯ ಒಬ್ಬ ಟೀಚರ್ ಫೋನ್ ಮಾಡಿದ್ದಳು. ಒಂಬತ್ತು ವರ್ಷ ಪಾಠ ಮಾಡಿದ ಶಾಲೆಯಿಂದ ತೆಗೆದುಹಾಕಿದ್ದಾರೆ. "ಅಕ್ಕಾರ, ಚೇರ್ಮನ್ನರ ಮನಿಗೆ ಇನ್ನೊಮ್ಮೆ ಹೋಗಿ ಕೈ ಮುಗದು ಬರ್ಲೇನ್ರಿ?" ಅಂದಳು. ಬೇಡ, ಮೊದಲು ಆದೇಶ ಬಂದ ಲಕೋಟೆ ಎಲ್ಲಿದೆ ಹೇಳು ಅಂದೆ.

ನನಗೂ ಹೀಗೇ ಆಗಿತ್ತು. ಹುಬ್ಬಳ್ಳಿಯ ಒಂದು ಖಾಸಗಿ ಶಾಲೆ, ಹೆಸರು ಬೇಡ. ಕೆಲಸದಿಂದ ತೆಗೆದ ಮೇಲೆ ಎರಡು ತಿಂಗಳು ಸುಮ್ನೆ ಅವರಿವರ ಮನೆ ಅಲೆದೆ. ಊರ ಹಿರಿಯರು, ಆಡಳಿತ ಮಂಡಳಿಯವರ ಬೀಗರು, ಎಲ್ಲರೂ "ತಡೀರಿ, ಮಾತಾಡೋಣು" ಅಂದವರೇ. ಒಬ್ಬರು ಲೇಬರ್ ಆಫೀಸಿಗೆ ಕಳಿಸಿದರು, ಅಲ್ಲಿ ಒಂದು ವಾರ ಹೋಯಿತು. ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಲೆಕ್ಕದಲ್ಲಿ ಕಾರ್ಮಿಕರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿಬಿಟ್ಟಿದೆ, ಅದು ನಮ್ಮ ಬಾಗಿಲೇ ಅಲ್ಲ.

ನಮ್ಮ ಬಾಗಿಲು ಬೇರೆ ಇದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಂ ಪ್ರಕಾರ ವಿಚಾರಣೆ ನಡೆಸದೆ ಖಾಸಗಿ ಶಾಲೆಯ ಶಿಕ್ಷಕರನ್ನು ವಜಾ ಮಾಡುವ ಹಾಗಿಲ್ಲ. ಮಾಡಿದರೆ 94ನೇ ಕಲಂ ಕೆಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಅಪೀಲು ಹಾಕಬಹುದು. ಜಿಲ್ಲಾ ನ್ಯಾಯಾಧೀಶರೇ ಅದನ್ನು ನಡೆಸುವುದು, ಬೆಂಗಳೂರಿಗೆ ಓಡಬೇಕಿಲ್ಲ. ಆದರೆ ಆದೇಶ ನಿಮಗೆ ತಲುಪಿದ ದಿನದಿಂದ ಮೂರೇ ತಿಂಗಳು. ಇದು ನನಗೆ ಗೊತ್ತಾದಾಗ ಹದಿನೆಂಟು ದಿನ ಉಳಿದಿತ್ತು. ಲಕೋಟೆಯ ಮೇಲಿನ ಅಂಚೆ ಮುದ್ರೆ ಇಲ್ಲದಿದ್ದರೆ ಆ ದಿನವನ್ನು ಹೇಗೆ ತೋರಿಸುತ್ತಿದ್ದೆನೋ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಯವರು ಯಾವ ಕಾಯ್ದೆ ತಮಗೆ ಅನ್ವಯ ಅಂತ ಮೊದಲೇ ವಕೀಲರ ಹತ್ತಿರ ಕೇಳಿಕೊಳ್ಳಿ. ಸರ್ಕಾರಿ ಶಿಕ್ಷಕರ ದಾರಿಯೂ ಬೇರೆ, ನಮ್ಮ ಕಡೆಯವರಿಗಾದರೆ ರಾಜ್ಯ ಆಡಳಿತ ನ್ಯಾಯಮಂಡಳಿಯ ಬೆಳಗಾವಿ ಪೀಠ.

ಕೆಲಸ ಹೋಗಿದ್ದಕ್ಕಿಂತ ನನಗೆ ಜಾಸ್ತಿ ಸಂಕಟ ಕೊಟ್ಟಿದ್ದು ಶಾಲೆಯವರು ನನ್ನ ಮೇಲೆ ಇಟ್ಟಿದ್ದ ಫೈಲ್. ವಿಚಾರಣೆ ಅಂತ ಒಂದು ದಿನ ಕೂರಿಸಿದಾಗ ನಾನು ಕಣ್ಣಲ್ಲೇ ಕಂಡಿರದ ಮೂರು ಮೆಮೊ ಹೊರಗೆ ಬಂದವು. ಮೂರರ ಕೆಳಗೂ ನೀಲಿ ಇಂಕಿನಲ್ಲಿ ಒಂದೇ ಕೈಬರಹ: "ತೆಗೆದುಕೊಳ್ಳಲು ನಿರಾಕರಿಸಿದ್ದಾರೆ." ಎರಡನೆಯದರ ತಾರೀಖು ಕ್ಯಾಲೆಂಡರಿನಲ್ಲಿ ನೋಡಿದೆ, ಭಾನುವಾರ! ಶಾಲೆಗೆ ಬೀಗ ಇದ್ದ ದಿನ ನನಗೆ ಮೆಮೊ ಕೊಡಲು ಬಂದವರು ಯಾರು? ಅಪೀಲಿನಲ್ಲಿ ನಮ್ಮ ವಕೀಲರು ಮೊದಲು ಹಿಡಿದಿದ್ದು ಅದನ್ನೇ. ಅದಕ್ಕೇ ಹೇಳುವುದು, ಮೆಮೊ ಎಷ್ಟೇ ಸಣ್ಣದಿರಲಿ, ಬೇಜಾರಾಗಿ ಮೂಲೆಗೆ ಹಾಕಬೇಡಿ, ಎರಡು ಸಾಲು ಉತ್ತರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಸರ್ಕಾರಿ ನೌಕರರಿಗಾದರೆ ಅವರ ಕೆಲಸದ ಬಗ್ಗೆ ವಾರ್ಷಿಕ ವರದಿಯಲ್ಲಿ ಬರೆದಿದ್ದನ್ನೆಲ್ಲ ಅವರಿಗೆ ತಿಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ.

ಅನುಭವ ಪತ್ರದಲ್ಲೂ ಅವರು ಒಂದು ಸಾಲು ಸೇರಿಸಿದ್ದರು, "ನಡತೆ ತೃಪ್ತಿಕರವಾಗಿಲ್ಲ" ಅಂತ. ಗದಗಿನ ಒಂದು ಶಾಲೆಯಲ್ಲಿ ಡೆಮೊ ಪಾಠ ಮುಗಿಸಿದಾಗ ಮಕ್ಕಳು ಚಪ್ಪಾಳೆ ತಟ್ಟಿದ್ದರು, ಹೆಡ್‌ಮಾಸ್ತರರು ಚಹಾ ತರಿಸಿದರು, ಆಮೇಲೆ ಆ ಪತ್ರ ಓದಿದರು. ಮಾತು ಅಲ್ಲಿಗೇ ನಿಂತಿತು. ಇಂಥ ಸುಳ್ಳನ್ನು ಮೂರನೆಯವರಿಗೆ ಕಳಿಸಿದ್ದರೆ ಮಾನನಷ್ಟದ ದಾವೆ ಹಾಕಬಹುದು, ಅದಕ್ಕೆ ಒಂದು ವರ್ಷ ಗಡುವು. ಒಳ್ಳೆಯ ಉದ್ದೇಶದಿಂದ ಬರೆದಿದ್ದು ಅಂತ ಅವರು ವಾದ ಮಾಡಬಹುದು, ಹಾಗಾಗಿ ಇದು ಸುಲಭದ ಕೇಸಲ್ಲ. ಮೊದಲು ಅಪೀಲು, ಅದರಲ್ಲೇ ಈ ಮಾತನ್ನೂ ಪ್ರಶ್ನಿಸಿ.

ದುಡ್ಡಿನ ವಿಷಯ. ವಜಾ ತಪ್ಪು ಅಂತಾದರೆ ಹಿಂದಿನ ಸಂಬಳ ಸಮೇತ ಕೆಲಸ ಮರಳಿ ಕೊಡುವುದೇ ಸಾಮಾನ್ಯ ನಿಯಮ ಅಂತ 2013ರಲ್ಲಿ ಮಹಾರಾಷ್ಟ್ರದ ಒಬ್ಬ ಶಿಕ್ಷಕಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಈ ನಡುವೆ ನಿಮಗೆ ಬೇರೆ ದುಡಿಮೆ ಇರಲಿಲ್ಲ ಅಂತ ನೀವೇ ಬಾಯಿಬಿಟ್ಟು ಹೇಳಬೇಕು, ಅಪೀಲಿನಲ್ಲಿ ಬರೆಯಬೇಕು. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಪುಕ್ಕಟೆ. ನನ್ನ ಎಷ್ಟೋ ಗೆಳತಿಯರಿಗೆ ಇದು ಗೊತ್ತೇ ಇಲ್ಲ.

ಮತ್ತೆ, "ರಾಜೀನಾಮೆ ಬರೆದುಕೊಡಿ, ಒಳ್ಳೆ ಸರ್ಟಿಫಿಕೇಟ್ ಕೊಡ್ತೀವಿ" ಅಂದರೆ ಅಲ್ಲೇ ಸಹಿ ಹಾಕಬೇಡಿ. ಮನೆಗೆ ಬನ್ನಿ. ಒಂದು ರಾತ್ರಿ ಕಳೆಯಲಿ.

ಹಾವೇರಿಯ ಹುಡುಗಿ ಲಕೋಟೆಯ ಫೋಟೋ ಕಳಿಸಿದಳು. ಮುದ್ರೆ ಸ್ವಲ್ಪ ಅಳಿಸಿದೆ, ಆದರೂ ತಾರೀಖು ಓದಲು ಬರುತ್ತದೆ. ಇಬ್ಬರೂ ಫೋನಿನಲ್ಲೇ ದಿನ ಎಣಿಸಿದೆವು, ಇನ್ನೂ ನಲವತ್ತೊಂದು ಇವೆ. ಸೋಮವಾರ ಅವಳು ಕೋರ್ಟಿಗೆ ಹೋಗುತ್ತಾಳೆ, ನಾನೂ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.