ಹದಿಮೂರು ಹೆಜ್ಜೆಗಳ ಎಡ್ವಿನ್ ಮೋಸೆಸ್

400 ಮೀಟರ್ ಹರ್ಡಲ್ಸ್ ಓಟದಲ್ಲಿ ಹತ್ತು ಹರ್ಡಲ್‌ಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ 35 ಮೀಟರ್ ಅಂತರ. ಆ ಅಂತರವನ್ನು ಎದುರಾಳಿಗಳಲ್ಲಿ ಹೆಚ್ಚಿನವರು 14 ಅಥವಾ 15 ಹೆಜ್ಜೆಗಳಲ್ಲಿ ದಾಟುತ್ತಿದ್ದಾಗ, ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ಎಡ್ವಿನ್ ಮೋಸೆಸ್ ಆರಂಭದಿಂದ ಕೊನೆಯವರೆಗೂ 13 ಹೆಜ್ಜೆಗಳ ಲಯವನ್ನೇ ಉಳಿಸಿಕೊಂಡರು. ಅವರ ಶ್ರೇಷ್ಠತೆಯ ಮೂಲ ಈ ಲಯದಲ್ಲಿದೆ ಎಂಬುದು ನನ್ನ ದೃಢವಾದ ನಂಬಿಕೆ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಅವರ ಮೊದಲ ಅಂತರರಾಷ್ಟ್ರೀಯ ಕೂಟವಾಗಿತ್ತು, ಅಲ್ಲಿಯೇ 47.64 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. 1977ರ ಆಗಸ್ಟ್‌ನಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಹರಾಲ್ಡ್ ಶ್ಮಿಡ್ ಎದುರು ಸೋತ ಬಳಿಕ, 1987ರ ಜೂನ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಡ್ಯಾನಿ ಹ್ಯಾರಿಸ್ ಸೋಲಿಸುವವರೆಗೆ, ಸತತ 122 ಓಟಗಳಲ್ಲಿ ಅವರು ಅಜೇಯರಾಗಿದ್ದರು. ಅಮೆರಿಕದ ಬಹಿಷ್ಕಾರದಿಂದಾಗಿ 1980ರ ಮಾಸ್ಕೋ ಒಲಿಂಪಿಕ್ಸ್ ಅವರ ಕೈತಪ್ಪಿತು. ಆ ನಷ್ಟವನ್ನು ನೆನೆದಾಗ ಈಗಲೂ ಬೇಸರವಾಗುತ್ತದೆ. 1983ರಲ್ಲಿ, ತಮ್ಮ 28ನೆಯ ಹುಟ್ಟುಹಬ್ಬದಂದು, ಕೋಬ್ಲೆನ್ಸ್‌ನಲ್ಲಿ 47.02 ಸೆಕೆಂಡುಗಳ ದಾಖಲೆ ಬರೆದರು. ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ ಮತ್ತೆ ಚಿನ್ನ.

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ದೊರೆತದ್ದು ಕಂಚು. ಆದರೆ 33ರ ವಯಸ್ಸಿನಲ್ಲಿ ಅವರು ಅಲ್ಲಿ ಓಡಿದ 47.56 ಸೆಕೆಂಡುಗಳ ಓಟ, ಹಿಂದೆ ಚಿನ್ನ ತಂದುಕೊಟ್ಟ ಎರಡೂ ಒಲಿಂಪಿಕ್ ಫೈನಲ್‌ಗಳ ಓಟಕ್ಕಿಂತ ವೇಗವಾಗಿತ್ತು.