ಹೊಸದು ತಗೋಬಾರ್ದಾ ಅಂತ ಕೇಳುವವರಿಗೆ

"ಮುನ್ನೂರು ರೂಪಾಯಿಗೆ ಹೊಸ ಕುರ್ತಾ ಸಿಗುತ್ತೆ. ನೀವ್ಯಾಕ್ರೀ ಹಳೇದನ್ನೇ ಹೊಲಿಸ್ಕೊಂಡು ಹಾಕ್ತೀರಿ?" ಮದುವೆ ಮನೆ, ಬಸ್ಸು, ಆಫೀಸು, ಎಲ್ಲ ಕಡೆ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನಗೆ ದುಡ್ಡಿನ ತಾಪತ್ರಯ ಇಲ್ಲ. ಇದ್ದರೂ ಅದು ನಾಲ್ಕು ಜನರ ಮುಂದೆ ಕೇಳುವ ಮಾತಲ್ಲ. ಹರಿಹರದಲ್ಲಿ ಒಂದು ಗೃಹಪ್ರವೇಶ. ಸಂಬಂಧದಲ್ಲಿ ಅತ್ತೆಯಾಗಬೇಕಾದವರೊಬ್ಬರು ನನ್ನ ಸೆರಗು ಹಿಡಿದು ನೋಡಿ, "ಇದು ನಿಮ್ಮಮ್ಮನ ಸೀರೆ ಅಲ್ವೇನೇ? ನಿನ್ ಗಂಡ ಒಂದು ಸೀರೆನೂ ಕೊಡ್ಸಲ್ವಾ?" ಅಂದರು. ಊಟಕ್ಕೆ ಕೂತವರಿಗೆಲ್ಲ ಕೇಳಿಸಿತು. ಅದು ಮೊಳಕಾಲ್ಮೂರು ರೇಷ್ಮೆ, ಕೈಮಗ್ಗದ್ದು. ಅಮ್ಮನ ಮದುವೆ ಕಾಲದ್ದು. ಅಂಚಿನ ಬಣ್ಣ ಹಾಗೇ ಇದೆ. ಹರಿದ ಒಂದು ಕಡೆ ರಫು ಮಾಡಿಸಿದ್ದೇನೆ. ಹಿರಿಯರು ಅಂತ ಆ ಹೊತ್ತು ಸುಮ್ನಿದ್ದೆ. ಈಗ ಹೇಳುತ್ತೇನೆ.

ಅತ್ತೆ, ಮುನ್ನೂರು ರೂಪಾಯಿ ನಾವು ಕೊಡೋದು. ಮಿಕ್ಕಿದ್ದನ್ನು ಬೇರೆ ಯಾರೋ ಕೊಡುತ್ತಾರೆ. ಒಂದು ಕಾಟನ್ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರಿದೆ ಅಂತ ಲೆಕ್ಕ ಹಾಕಿದ್ದಾರೆ. ಇನ್ನು ಬಣ್ಣದ ನೀರು. ತಿರುಪ್ಪೂರಿನಲ್ಲಿ ಅದು ನೊಯ್ಯಲ್ ನದಿಗೆ ಸೇರಿ ಕೆಳಗಿನ ರೈತರ ಹೊಲ, ಬಾವಿ ಎಲ್ಲ ಹಾಳಾದವು. ಕೊನೆಗೆ 2011ರಲ್ಲಿ ಬಣ್ಣ ಹಾಕುವ ಘಟಕಗಳನ್ನು ಮುಚ್ಚಿ ಅಂತ ಮದ್ರಾಸ್ ಹೈಕೋರ್ಟೇ ಹೇಳಬೇಕಾಯಿತು. ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಅನ್ನುವ ಕಟ್ಟಡ ಬಿರುಕು ಬಿಟ್ಟಿದ್ದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಆದರೂ ಮಾರನೇ ದಿನ ಗಾರ್ಮೆಂಟ್ಸ್ ಕೆಲಸದವರನ್ನು ಒಳಗೆ ಕಳಿಸಿದರು. 2013ರ ಏಪ್ರಿಲ್ 24. 1,100ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ.

"ನೀನೊಬ್ಬಳು ಬಿಟ್ರೆ ಏನಾಗುತ್ತೆ?" ಅಂತಲೂ ಕೇಳುತ್ತಾರೆ. ದಾವಣಗೆರೆಯವರ ಬಾಯಲ್ಲಿ ಈ ಮಾತು ಬಂದರೆ ನನಗೆ ತಡೆಯೋಕಾಗಲ್ಲ. ಹತ್ತಿ ಗಿರಣಿಗಳ ಊರು ಇದು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತ್ತು. ಗಿರಣಿ ಮುಚ್ಚಿದವು, ಹತ್ತಿಯ ಹೊಲಕ್ಕೆ ಮೆಕ್ಕೆಜೋಳ ಬಂತು. ನೂಲು ನೋಡಿ ಬೆಲೆ ಹೇಳುತ್ತಿದ್ದವರ ಮೊಮ್ಮಕ್ಕಳು ಈಗ ಬಟ್ಟೆ ಮುಟ್ಟಿಯೂ ನೋಡದೆ ಫೋನಿನಲ್ಲಿ ತರಿಸುತ್ತಾರೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಹಾಕಿ ಬಿಟ್ಟ ಬಟ್ಟೆ ಕೊನೆಗೆ ಏನಾಗುತ್ತೆ? ಇದನ್ನು ಯಾರೂ ಕೇಳಲ್ಲ.

ನಮ್ಮ ಓಣಿಗೆ ಕೌದಿ ಹೊಲಿಯುವ ಅಜ್ಜಿಯೊಬ್ಬರು ಬರುತ್ತಾರೆ. ಪಕ್ಕದ ಮನೆಯವರು ಕೊಟ್ಟ ಗಂಟು ಬಿಚ್ಚಿ, ಒಂದೊಂದನ್ನೇ ಬೆರಳಲ್ಲಿ ತಿಕ್ಕಿ ನೋಡಿ ಬೇರೆ ಮಾಡಿದರು. ಹಳೇ ಕಾಟನ್ ಸೀರೆ, ಪಂಚೆ ಒಂದು ಕಡೆ. ಕುರ್ತಾ, ಲೆಗ್ಗಿಂಗ್ಸ್ ಇನ್ನೊಂದು ಕಡೆ. "ಇವು ಬ್ಯಾಡವ್ವ. ಸೂಜಿ ಜಾರ್ತತಿ, ಹೊದ್ಕೊಂಡ್ರೆ ಬೆವರು ಹೀರಲ್ಲ" ಅಂದರು. ಆಮೇಲೆ ಎರಡರಿಂದಲೂ ಒಂದೊಂದು ಎಳೆ ಕಿತ್ತು ಕಡ್ಡಿ ಗೀರಿದರು. ಪಂಚೆಯ ಎಳೆ ಕಾಗದದ ಹಾಗೆ ಉರಿದು ಬೂದಿಯಾಯಿತು. ಕುರ್ತಾದ ಎಳೆ ಸುರುಟಿಕೊಂಡು, ಕರಗಿ, ತುದಿಯಲ್ಲಿ ಗಟ್ಟಿ ಕಪ್ಪು ಮಣಿ ಉಳಿಯಿತು.

ಅದು ಪಾಲಿಸ್ಟರ್. ಪೆಟ್ರೋಲಿಯಂನಿಂದ ಮಾಡೋದು. ಪ್ರಪಂಚದಲ್ಲಿ ಬಟ್ಟೆಗೆ ತಯಾರಾಗುವ ನಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ಉದುರಿ ಚರಂಡಿ ಸೇರುತ್ತವೆ, ಅಲ್ಲಿಂದ ಹೊಳೆ. ಕೌದಿಗೂ ಆಗಲ್ಲ, ನೆಲ ಒರೆಸೋಕೂ ಆಗಲ್ಲ, ಮಣ್ಣಲ್ಲಿ ಬೇಗ ಕೊಳೆಯೋದೂ ಇಲ್ಲ. "ಯಾರಿಗಾದ್ರೂ ಕೊಟ್ಬಿಡ್ತೀವಿ" ಅನ್ನುವವರು ಒಮ್ಮೆ ಚಿಲಿ ದೇಶದ ಅಟಕಾಮಾ ಮರುಭೂಮಿಯ ಫೋಟೋ ನೋಡಿ. ಬೇರೆ ದೇಶದವರು ಬಿಟ್ಟ ಬಟ್ಟೆ ಅಲ್ಲಿ ಗುಡ್ಡ ಗುಡ್ಡವಾಗಿ ಬಿದ್ದಿದೆ.

ಕೈಯಲ್ಲಿ ಕಾಸಿಲ್ಲದೆ ಹಬ್ಬಕ್ಕೆ ಮಕ್ಕಳಿಗೆ ಅಗ್ಗದ ಬಟ್ಟೆ ತರುವವರಿಗೆ ನಾನು ಒಂದು ಮಾತೂ ಹೇಳಲ್ಲ. ನನ್ನ ಜಗಳ ಬೀರು ಬಾಗಿಲು ಹಾಕೋಕೆ ಬರದಷ್ಟು ತುಂಬಿಸಿಕೊಂಡು, ಆಫರ್ ಇದೆ ಅಂತ ಮತ್ತೆ ತರಿಸುವವರ ಜೊತೆ.

ತಗೊಳ್ಳಲೇಬೇಕು ಅಂದ್ರೆ ಅಂಗಡಿಗೆ ಹೋಗಿ, ಕುರ್ತಾ ಒಳಮೈ ತಿರುಗಿಸಿ ನೋಡಿ. ಹೊಲಿಗೆ ಪಕ್ಕ ಮಾರ್ಜಿನ್ ಬಿಟ್ಟಿದ್ದರೆ ಮುಂದೆ ಬಿಚ್ಚಿಸಿ ಸಡಿಲ ಮಾಡಿಸಿಕೊಳ್ಳಬಹುದು. ಬಟ್ಟೆ ಕಾಟನ್ನಾ ಅಂತ ಕೇಳಿ. ಎರಡೂ ಇಲ್ಲ ಅಂದ್ರೆ ಎಷ್ಟೇ ಕಡಿಮೆ ರೇಟಿದ್ದರೂ ವಾಪಸ್ ಇಟ್ಟು ಬನ್ನಿ.